ಒಂದೇ ಟಿವಿಗೆ ನಾಲ್ಕೈದು ಗೇಮ್ ಕನ್ಸೋಲ್: ಸ್ವಿಚ್ ಬಾಕ್ಸ್ ಕೈಕೊಟ್ಟರೆ ದೋಷ ಹುಡುಕುವುದು ಹೇಗೆ?

ಟಿವಿಯಲ್ಲಿ 'ನೋ ಸಿಗ್ನಲ್' ಅಂತ ಬಂದ ತಕ್ಷಣ ಎಲ್ಲರ ಕಣ್ಣೂ ಸ್ವಿಚ್ ಬಾಕ್ಸ್ ಮೇಲೆ, ಅಂದರೆ ಹಲವು ಕನ್ಸೋಲ್‌ಗಳನ್ನು ಟಿವಿಯ ಒಂದೇ ಪೋರ್ಟ್‌ಗೆ ಸೇರಿಸುವ ಪೆಟ್ಟಿಗೆಯ ಮೇಲೆ ಬೀಳುತ್ತದೆ. ಕಡಿಮೆ ಬೆಲೆಯದು, ಹೋಗಿರಬೇಕು ಅಂದುಕೊಂಡು ಹೊಸದು ತಂದುಬಿಡುತ್ತಾರೆ. ಎಷ್ಟೋ ಸಲ ಹೊಸದರಲ್ಲೂ ಅದೇ ಪಾಡು. ಯಾಕೆಂದರೆ ಕನ್ಸೋಲ್‌ನಿಂದ ಟಿವಿವರೆಗಿನ ದಾರಿಯಲ್ಲಿ ಇರುವುದು ಬಾಕ್ಸ್ ಒಂದೇ ಅಲ್ಲ. ಎರಡು ವೈರ್ ಇವೆ, ಅವುಗಳ ನಾಲ್ಕು ತುದಿಗಳಿವೆ, ಬಾಕ್ಸ್‌ಗೆ ಕರೆಂಟ್ ಕೊಡುವ ಅಡಾಪ್ಟರ್ ಇದೆ, ಆ ಕಡೆ ಕನ್ಸೋಲ್ ಸೆಟ್ಟಿಂಗ್, ಈ ಕಡೆ ಟಿವಿ ಸೆಟ್ಟಿಂಗ್. ಇದರಲ್ಲಿ ಯಾವುದು ಎಡವಿದರೂ ಪರದೆ ಮೇಲೆ ಕಾಣುವುದು ಅದೇ ಎರಡು ಪದ.

ಮೈಸೂರಿನ ನಮ್ಮ ಮನೆಯ ಟಿವಿಗೆ ಪಿಎಸ್2, ಪಿಎಸ್4 (ಎರಡೂ ಸೋನಿಯ ಪ್ಲೇಸ್ಟೇಷನ್), ನಿಂಟೆಂಡೊ ಕಂಪನಿಯ ವೀ, ನಿಂಟೆಂಡೊ ಸ್ವಿಚ್ ಎಂಬ ಕನ್ಸೋಲ್‌ಗಳು ಸೇರಿಕೊಂಡಿವೆ. ಜೊತೆಗೆ ಸೆಟ್‌ಟಾಪ್ ಬಾಕ್ಸ್. ನೆಂಟರ ಮನೆ, ಗೆಳೆಯರ ಮನೆಗಳಲ್ಲೂ ಇಂಥ ಜೋಡಣೆ ನೋಡುತ್ತಾ ಬಂದಿದ್ದೇನೆ. ನಿಜವಾಗಿ ಬಾಕ್ಸೇ ಕೆಟ್ಟಿದ್ದು ಕಡಿಮೆ. ಅದಕ್ಕೇ ನನ್ನ ಪಟ್ಟು ಒಂದೇ: ಮೊದಲು ಬಾಕ್ಸನ್ನು ಮಧ್ಯದಿಂದ ತೆಗೆದು ನೋಡಿ, ಆಮೇಲೆ ಮಾತು.

ಶುರು ಮಾಡುವ ಮುಂಚೆ

ವೈರ್ ಬಿಚ್ಚಿ ಹಾಕುವಾಗ ಕನ್ಸೋಲ್, ಬಾಕ್ಸ್, ಟಿವಿ ಎಲ್ಲವನ್ನೂ ಗೋಡೆಯ ಸ್ವಿಚ್‌ನಲ್ಲೇ ಆಫ್ ಮಾಡಿ. ಚಾಲೂ ಇರುವಾಗಲೇ ಎಚ್‌ಡಿಎಂಐ (ಚಿತ್ರ, ಶಬ್ದ ಎರಡನ್ನೂ ಒಟ್ಟಿಗೆ ಒಯ್ಯುವ ವೈರ್) ಚುಚ್ಚಿದರೆ ಏನೂ ಆಗಲ್ಲ ಅಂತ ಹೇಳುವವರು ಇದ್ದಾರೆ. ಅರ್ಥಿಂಗ್ ಸರಿಯಾಗಿರುವ ಮನೆಯಲ್ಲಿ ಬಹುತೇಕ ಏನೂ ಆಗುವುದಿಲ್ಲ. ಆದರೆ ನಮ್ಮ ಕಡೆಯ ಹಳೆಯ ಮನೆಗಳ ಬೋರ್ಡ್‌ಗಳಲ್ಲಿ ಮೂರನೇ ತೂತು ಇರುತ್ತದೆ, ಅದರ ಹಿಂದೆ ಅರ್ಥ್ ವೈರ್ ಇರುವುದಿಲ್ಲ. ಅಂಥ ಕಡೆ ಎರಡು ಸಾಮಾನುಗಳ ಲೋಹದ ಭಾಗಗಳ ನಡುವೆ ವೋಲ್ಟೇಜ್ ನಿಂತಿರುತ್ತದೆ. ಚುಚ್ಚುವ ಕ್ಷಣದಲ್ಲಿ ಅದು ಎಚ್‌ಡಿಎಂಐ ಚಿಪ್ ಮೂಲಕ ಹರಿದರೆ ಪೋರ್ಟ್ ಸತ್ತೇ ಹೋಗಬಹುದು.

ಇನ್ನೊಂದು, ಅಡಾಪ್ಟರ್. ಎಚ್‌ಡಿಎಂಐ ಸ್ವಿಚ್ ಬಾಕ್ಸ್‌ಗಳು ಸಾಮಾನ್ಯವಾಗಿ 5 ವೋಲ್ಟ್‌ನವು. ಸೆಟ್‌ಟಾಪ್ ಬಾಕ್ಸ್ ಅಡಾಪ್ಟರ್ ಹೆಚ್ಚಾಗಿ 12 ವೋಲ್ಟ್. ಎರಡರ ದುಂಡನೆಯ ಪಿನ್ ಒಂದೇ ಅಳತೆಯದು ಇರಬಹುದು. ಹಾಗಾಗಿ ಪ್ರತಿ ಅಡಾಪ್ಟರ್‌ಗೂ ಬಿಳಿ ಟೇಪ್ ಸುತ್ತಿ, ಯಾವುದರದು ಅಂತ ಪೆನ್ನಿನಲ್ಲಿ ಬರೆದಿಡಿ. ಅಮೆರಿಕದಿಂದ ಯಾರಾದರೂ ತಂದುಕೊಟ್ಟ ಹಳೆಯ ಕನ್ಸೋಲ್ ಇದ್ದರೆ ಅದರ ಅಡಾಪ್ಟರ್ ಮೇಲೆ ಏನು ಬರೆದಿದೆ ಅಂತ ಓದಿಯೇ ಪ್ಲಗ್ ಹಾಕಿ. ಅಲ್ಲಿನ ವೀ ಅಡಾಪ್ಟರ್ 120 ವೋಲ್ಟ್‌ಗೆ ಮಾತ್ರ. ನಮ್ಮ 230ಕ್ಕೆ ಅದು ತಡೆಯುವುದಿಲ್ಲ.

ಬಾಕ್ಸ್ ಇಲ್ಲದೆ ನೋಡಿ

ಚಿತ್ರ ಬಾರದ ಕನ್ಸೋಲ್ ಒಂದನ್ನು ಆರಿಸಿಕೊಳ್ಳಿ. ಬಾಕ್ಸ್‌ನಿಂದ ಟಿವಿಗೆ ಹೋಗುವ ವೈರ್ ಇದೆಯಲ್ಲ, ಅದರ ಬಾಕ್ಸ್ ಕಡೆಯ ತುದಿಯನ್ನು ಕಿತ್ತು ನೇರವಾಗಿ ಕನ್ಸೋಲ್‌ಗೆ ಚುಚ್ಚಿ. ಟಿವಿ ಕಡೆಯ ತುದಿಯನ್ನು ಮುಟ್ಟಬೇಡಿ. ಹೀಗೆ ಮಾಡಿದಾಗ ಚಿತ್ರ ಬಂತು ಅಂದರೆ ಟಿವಿ, ಟಿವಿಯ ಆ ಪೋರ್ಟ್, ಆ ವೈರ್, ಕನ್ಸೋಲ್ ನಾಲ್ಕೂ ಸರಿ ಇವೆ. ಉಳಿದದ್ದು ಬಾಕ್ಸ್ ಮತ್ತು ಕನ್ಸೋಲ್‌ನ ಸ್ವಂತ ವೈರ್. ಈಗ ಆ ಸ್ವಂತ ವೈರನ್ನೇ ಟಿವಿಗೆ ನೇರ ಹಾಕಿ ನೋಡಿ. ಅದರಲ್ಲೂ ಬಂದರೆ ಮಾತ್ರ ಬಾಕ್ಸ್ ಮೇಲೆ ಅನುಮಾನ ಪಡಿ.

ಬಾಕ್ಸ್ ಇಲ್ಲದೆಯೂ ಚಿತ್ರ ಬರಲಿಲ್ಲವಾ? ಹಾಗಿದ್ದರೆ ಬಾಕ್ಸ್ ನಿರಪರಾಧಿ. ಟಿವಿಯ ಇನ್‌ಪುಟ್ ಸರಿಯಾಗಿ ಆರಿಸಿದ್ದೀರಾ ನೋಡಿ, ಬೇರೆ ಪೋರ್ಟ್ ನೋಡಿ, ಕನ್ಸೋಲ್ ಸೆಟ್ಟಿಂಗ್ ನೋಡಿ.

ಬಾಕ್ಸ್ ಮೇಲೆ ಅನುಮಾನ ಬಂದಾಗ ಅದಲು ಬದಲು ಪರೀಕ್ಷೆ. ಸರಿಯಾಗಿ ಕೆಲಸ ಮಾಡುತ್ತಿರುವ ಕನ್ಸೋಲ್ 1ನೇ ನಂಬರಿನಲ್ಲಿದೆ, ಕೆಟ್ಟದ್ದು 3ರಲ್ಲಿದೆ ಅಂತಿಟ್ಟುಕೊಳ್ಳಿ. ಎರಡನ್ನೂ ಅದಲು ಬದಲು ಮಾಡಿ. ತೊಂದರೆ ಕನ್ಸೋಲ್ ಹಿಂದೆಯೇ ಹೋಯಿತಾ, ಅದರ ವೈರೋ ಸೆಟ್ಟಿಂಗೋ ಕಾರಣ. ತೊಂದರೆ 3ನೇ ನಂಬರಿನಲ್ಲೇ ಉಳಿಯಿತಾ, ಬಾಕ್ಸ್‌ನ ಆ ಜ್ಯಾಕ್ ಹೋಗಿದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಆತುರದಲ್ಲಿ ವೈರ್, ಪೋರ್ಟ್, ಸೆಟ್ಟಿಂಗ್ ಎಲ್ಲ ಒಟ್ಟಿಗೆ ಬದಲಿಸಿದರೆ ಚಿತ್ರ ಬಂದರೂ ಯಾವುದರಿಂದ ಬಂತು ಅಂತ ಗೊತ್ತಾಗುವುದಿಲ್ಲ. ಮುಂದಿನ ವಾರ ಮತ್ತೆ ಅದೇ ತಲೆನೋವು.

ಹೊಸ ಬಾಕ್ಸ್ ಶುರುವಿನಿಂದಲೂ ಕೆಲಸ ಮಾಡುತ್ತಿಲ್ಲ ಅಂದರೆ ಅದರ ಮೈಮೇಲೆ ಬರೆದಿರುವುದನ್ನು ಓದಿ. ಹಲವು ಇನ್‌ಪುಟ್, ಒಂದು ಔಟ್‌ಪುಟ್ ಇದ್ದರೆ ಅದು ಸ್ವಿಚ್. ಒಂದು ಇನ್‌ಪುಟ್, ಹಲವು ಔಟ್‌ಪುಟ್ ಇದ್ದರೆ ಅದು ಸ್ಪ್ಲಿಟರ್. ಒಂದು ಕನ್ಸೋಲನ್ನು ಎರಡು ಟಿವಿಗೆ ತೋರಿಸುವ ಸಾಮಾನು ಅದು. ನೋಡಲು ಎರಡೂ ಒಂದೇ ತರಹ ಇರುವುದರಿಂದ ಅಂಗಡಿಯಲ್ಲಿ ಒಂದರ ಬದಲು ಇನ್ನೊಂದು ಕೈಗೆ ಬರುವುದುಂಟು.

ಹಳದಿ, ಕೆಂಪು, ಬಿಳಿ ಪಿನ್‌ಗಳ ಹಳೆಯ ಬಾಕ್ಸ್

2000ದಲ್ಲಿ ಬಂದ ಪಿಎಸ್2, 2006ರ ವೀ, ಕ್ಯಾಸೆಟ್ ಹಾಕುವ ಟಿವಿ ವಿಡಿಯೋ ಗೇಮ್, ಇವಕ್ಕೆ ಎಚ್‌ಡಿಎಂಐ ಇಲ್ಲ. ಇವಕ್ಕೆ ಬೇಕಾದ ಬಾಕ್ಸ್‌ನಲ್ಲಿ ಸಾಲಾಗಿ ಒತ್ತುವ ಬಟನ್‌ಗಳಿರುತ್ತವೆ. ಒಳಗೆ ಚಿಪ್ ಇಲ್ಲ, ಕರೆಂಟ್ ಬೇಡ. ಬರೀ ಲೋಹಕ್ಕೆ ಲೋಹ ತಾಗುವ ಕೆಲಸ. ಸರಿಯಾಗಿ ನೋಡಿಕೊಂಡರೆ ವರ್ಷಗಟ್ಟಲೆ ಬಾಳುತ್ತದೆ. ಇಂಥ ಬಾಕ್ಸ್‌ಗಳ ಮೇಲೆ ನನಗೆ ತುಂಬಾ ಪ್ರೀತಿ.

ಎರಡು ಆಟಗಳ ಚಿತ್ರ ಒಂದರ ಮೇಲೊಂದು ಬಿದ್ದಂತೆ ಕಾಣುತ್ತಿದ್ದರೆ ಎರಡು ಬಟನ್ ಒಟ್ಟಿಗೆ ಒಳಗೆ ಕೂತಿವೆ. ಯಾವುದೂ ಬರುತ್ತಿಲ್ಲ ಅಂದರೆ ಬಟನ್ ಅರ್ಧಕ್ಕೆ ನಿಂತಿದೆ, ಟಕ್ ಅನ್ನುವವರೆಗೆ ಒತ್ತಿ. ಬಟನ್ ಮೇಲೆ ಬೆರಳಿಟ್ಟು ಸ್ವಲ್ಪ ಅಲ್ಲಾಡಿಸಿದಾಗ ಚಿತ್ರ ಬಂದು ಹೋಗಿ ಮಾಡಿದರೆ ಒಳಗಿನ ತಗಡಿಗೆ ಕಿಲುಬು ಹಿಡಿದಿದೆ. ಆಷಾಢದ ಜಿಟಿಜಿಟಿ ಮಳೆ ಮುಗಿಯುವ ಹೊತ್ತಿಗೆ ಇದು ಜಾಸ್ತಿ. ಎಲ್ಲ ವೈರ್ ಬಿಚ್ಚಿ, ಪ್ರತಿ ಬಟನ್‌ನ್ನೂ ಇಪ್ಪತ್ತು ಮೂವತ್ತು ಸಲ ಒತ್ತಿ ಬಿಡಿ. ಆ ಉಜ್ಜುವಿಕೆಗೇ ಎಷ್ಟೋ ಕಿಲುಬು ಹೋಗುತ್ತದೆ. ಹೋಗಲಿಲ್ಲ ಅಂದರೆ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುವ ಕಾಂಟ್ಯಾಕ್ಟ್ ಕ್ಲೀನರ್ ಒಂದು ಸಲ ಸಿಂಪಡಿಸಿ, ಪೂರ್ತಿ ಒಣಗಲು ಬಿಡಿ. ಕೊಬ್ಬರಿ ಎಣ್ಣೆ, ಹೊಲಿಗೆ ಮೆಷಿನ್ ಎಣ್ಣೆ ಹಾಕಬೇಡಿ. ಅದಕ್ಕೆ ಧೂಳು ಮೆತ್ತಿಕೊಂಡು ಇನ್ನೂ ಕೆಡುತ್ತದೆ.

ಚಿತ್ರ ಬರುತ್ತಿದೆ, ಆದರೆ ಸಂಜೆ ಬೆಳಕಿನಲ್ಲಿ ಇಟ್ಟಂತೆ ಮಂಕಾಗಿದೆ ಅಂದರೆ ಮಧ್ಯದಲ್ಲಿ ಎಲ್ಲಾದರೂ ವೈ ಆಕಾರದ ಪಿನ್ ಇದೆಯಾ ಹುಡುಕಿ. ಬಾಕ್ಸ್ ತರುವ ಬದಲು ಎರಡು ಕನ್ಸೋಲ್‌ಗಳನ್ನು ವೈ ಪಿನ್‌ನಲ್ಲಿ ಸೇರಿಸುವವರಿದ್ದಾರೆ. ಚಿತ್ರ ತರುವ ಹಳದಿ ವೈರಿನ ಲೆಕ್ಕಾಚಾರ 75 ಓಮ್ ಮೇಲೆ ನಡೆಯುತ್ತದೆ. ಎರಡನೇ ಕನ್ಸೋಲ್ ಆಫ್ ಇದ್ದರೂ ಅದರ ಒಳಗಿನ 75 ಓಮ್ ಸಿಗ್ನಲ್‌ನಲ್ಲಿ ಪಾಲು ತಿನ್ನುತ್ತದೆ. ವೈ ಪಿನ್ ತೆಗೆದರೆ ಚಿತ್ರ ಬೆಳಗುತ್ತದೆ.

ಬಣ್ಣವೇ ಇಲ್ಲ, ಬರೀ ಕಪ್ಪು ಬಿಳುಪು ಅಂದರೆ ಕಾರಣ ಎರಡು. ಟಿವಿ ಹಿಂದಿನ ಜ್ಯಾಕ್ ನೋಡಿ. ಎಷ್ಟೋ ಟಿವಿಗಳಲ್ಲಿ ಹಸಿರು ಜ್ಯಾಕ್‌ಗೆ ಅರ್ಧ ಹಳದಿ ಬಣ್ಣ ಬಳಿದಿರುತ್ತಾರೆ. ಅದೇ ಜ್ಯಾಕ್ ಎರಡು ಕೆಲಸ ಮಾಡುತ್ತದೆ. ಅಲ್ಲಿಗೆ ಹಳದಿ ಪಿನ್ ಚುಚ್ಚಿ ಟಿವಿಯಲ್ಲಿ 'ಕಾಂಪೊನೆಂಟ್' (ಚಿತ್ರವನ್ನು ಹಸಿರು, ನೀಲಿ, ಕೆಂಪು ಮೂರು ಪಿನ್‌ಗಳಲ್ಲಿ ತರುವ ಜೋಡಣೆ) ಆರಿಸಿದ್ದರೆ ಬಣ್ಣ ಬರುವುದಿಲ್ಲ. 'ಎವಿ' ಆರಿಸಿ. ಎರಡನೇ ಕಾರಣ ಕಲರ್ ಸಿಸ್ಟಮ್. ನಮ್ಮ ದೇಶದ್ದು ಪಾಲ್, 625 ಗೆರೆ, ಪರದೆಯ ಚಿತ್ರ ಸೆಕೆಂಡಿಗೆ 50 ಸಲ. ಅಮೆರಿಕ, ಜಪಾನ್‌ನದು ಎನ್‌ಟಿಎಸ್‌ಸಿ, 525 ಗೆರೆ, ಸೆಕೆಂಡಿಗೆ 60. ಟಿವಿ ಮೆನುವಿನಲ್ಲಿ 'ಪಾಲ್' ಅಂತ ಕಟ್ಟಿಹಾಕಿದ್ದರೆ ಹೊರದೇಶದ ಕನ್ಸೋಲ್ ಬಣ್ಣ ಕಳೆದುಕೊಳ್ಳುತ್ತದೆ, ಕೆಲವೊಮ್ಮೆ ಚಿತ್ರ ಮೇಲೆ ಕೆಳಗೆ ಉರುಳುತ್ತದೆ. 'ಆಟೋ' ಮಾಡಿ.

ಐದು ಪಿನ್‌ಗಳ ಕಾಂಪೊನೆಂಟ್ ವೈರ್ ಬಳಸುವವರು ಈ ಮಾತನ್ನು ಗಮನವಿಟ್ಟು ಓದಿ. ಅದರಲ್ಲಿ ಎರಡು ಕೆಂಪು ಪಿನ್‌ಗಳಿವೆ. ಒಂದು ಚಿತ್ರದ್ದು, ಒಂದು ಶಬ್ದದ್ದು. ಎರಡೂ ಥೇಟ್ ಒಂದೇ ತರಹ. ಇವು ಅದಲು ಬದಲಾದರೆ ಬಲಗಡೆಯ ಸ್ಪೀಕರ್ ಗರ್ ಅಂತ ಕಿರುಚುತ್ತದೆ, ಪರದೆಯಲ್ಲಿ ಕೆಂಪು ಅಂಗಿ ಪಾಚಿ ಬಣ್ಣಕ್ಕೆ ತಿರುಗುತ್ತದೆ. ಈ ಎರಡೂ ಒಟ್ಟಿಗೆ ಕಂಡರೆ ಬೇರೇನೂ ಹುಡುಕಬೇಡಿ, ಕೆಂಪು ಪಿನ್‌ಗಳನ್ನೇ ನೋಡಿ. ಸಾಮಾನ್ಯವಾಗಿ ಹಸಿರು, ನೀಲಿ, ಕೆಂಪು ಮೂರೂ ಒಂದು ಗುಂಪಾಗಿ, ಕೆಂಪು ಬಿಳಿ ಇನ್ನೊಂದು ಗುಂಪಾಗಿ ಕವಲೊಡೆದಿರುತ್ತವೆ. ಕವಲನ್ನು ಬೆರಳಲ್ಲಿ ಹಿಡಿದು ಬಂದರೆ ಯಾವುದು ಯಾವುದು ಅಂತ ತಿಳಿಯುತ್ತದೆ. ನೀಲಿ ಮತ್ತು ಚಿತ್ರದ ಕೆಂಪು ಬದಲಾದರೆ ಶಬ್ದ ಸರಿ ಇರುತ್ತದೆ, ಬಣ್ಣ ಮಾತ್ರ ಎಡವಟ್ಟು. ಹಸಿರು ಕಿತ್ತುಬಂದರೆ ಚಿತ್ರವೇ ಇಲ್ಲ, ಯಾಕೆಂದರೆ ಚಿತ್ರದ ಬೆಳಕು ಮತ್ತು ಗೆರೆಗಳನ್ನು ಹೊಂದಿಸುವ ತಾಳ (ಸಿಂಕ್) ಎರಡೂ ಹಸಿರಿನಲ್ಲೇ ಬರುತ್ತವೆ. ಪಿನ್‌ಗಳೆಲ್ಲ ಸರಿ ಇದ್ದೂ ಪಿಎಸ್2 ಚಿತ್ರ ಪೂರ್ತಿ ಹಸಿರಾಗಿದ್ದರೆ ಅದರ ಸಿಸ್ಟಮ್ ಕಾನ್ಫಿಗರೇಷನ್‌ಗೆ ಹೋಗಿ 'ಕಾಂಪೊನೆಂಟ್ ವಿಡಿಯೋ ಔಟ್' ನೋಡಿ. 'ಆರ್‌ಜಿಬಿ' ಅಂತ ಇದ್ದರೆ ಇನ್ನೊಂದಕ್ಕೆ ಬದಲಿಸಿ.

ಹೊಸ ತೆಳು ಟಿವಿಗಳಲ್ಲಿ ಮೂರು ಜ್ಯಾಕ್ ಬದಲು ಹೆಡ್‌ಫೋನ್ ತೂತಿನಂಥ ಒಂದೇ ಜ್ಯಾಕ್ ಇರುತ್ತದೆ. ಅದಕ್ಕೆ ಟಿವಿ ಜೊತೆ ಬಂದ ತುಂಡು ವೈರನ್ನೇ ಬಳಸಿ. ನೋಡಲು ಅದೇ ತರಹದ ಬೇರೆ ವೈರ್‌ನಲ್ಲಿ ಒಳಗಿನ ಕ್ರಮ ಬೇರೆ ಇರಬಹುದು. ಗರ್ ಅನ್ನುವ ಶಬ್ದ ಬಂದು ಚಿತ್ರ ಬಾರದಿದ್ದರೆ ಬಾಕ್ಸ್‌ನ ಹಳದಿ ಪಿನ್ನನ್ನು ತುಂಡು ವೈರಿನ ಕೆಂಪು, ಬಿಳಿ ತೂತುಗಳಿಗೂ ಒಂದೊಂದಾಗಿ ಹಾಕಿ ನೋಡಿ. ಒಂದರಲ್ಲಿ ಚಿತ್ರ ಸಿಗಬಹುದು.

ಎಚ್‌ಡಿಎಂಐ ಬಾಕ್ಸ್

ಇಲ್ಲಿ ಬರೀ ತಗಡು ತಾಗಿದರೆ ಸಾಲದು. ಕನ್ಸೋಲ್ ಮೊದಲು ಟಿವಿಯನ್ನು ಮಾತಾಡಿಸುತ್ತದೆ. ನೀನು ಯಾವ ಅಳತೆಯ ಚಿತ್ರ ತೋರಿಸಬಲ್ಲೆ, ಯಾವ ಶಬ್ದ ಕೇಳಿಸಬಲ್ಲೆ ಅಂತ ವಿಚಾರಿಸುತ್ತದೆ. ಆಮೇಲೆ ಎಚ್‌ಡಿಸಿಪಿ ಎಂಬ, ಕಾಪಿ ಮಾಡುವುದನ್ನು ತಡೆಯುವ ಬೀಗದ ಲೆಕ್ಕ ಒಪ್ಪಿಗೆಯಾಗಬೇಕು. ಈ ಮಾತುಕತೆಗೆ ಬಾಕ್ಸ್ ಮಧ್ಯವರ್ತಿ. ಮಾತು ಅರ್ಧಕ್ಕೆ ನಿಂತರೆ ಪರದೆ ಕಪ್ಪು.

ಕರೆಂಟ್ ಹೋಗಿ ಬಂದ ಮೇಲೆ ಚಿತ್ರ ಇಲ್ಲ ಅಂದರೆ ಇದೇ ಕಥೆ. ಎಲ್ಲವೂ ಒಟ್ಟಿಗೆ ಎದ್ದಾಗ, ಟಿವಿ ಇನ್ನೂ ಕಣ್ಣು ಬಿಡುವ ಮುಂಚೆ ಕನ್ಸೋಲ್ ವಿಚಾರಿಸಿ, ಉತ್ತರ ಸಿಗದೆ ಸುಮ್ಮನಾಗಿರುತ್ತದೆ. ಎಲ್ಲದರ ಪ್ಲಗ್ ತೆಗೆದು ಒಂದು ನಿಮಿಷ ಬಿಡಿ. ಮೊದಲು ಟಿವಿ, ಆಮೇಲೆ ಬಾಕ್ಸ್, ಕೊನೆಗೆ ಕನ್ಸೋಲ್ ಆನ್ ಮಾಡಿ. ಬೇಸಿಗೆಯಲ್ಲಿ ಕರೆಂಟ್ ಆಗಾಗ ಕೈಕೊಡುವ ಕಡೆ ಇದನ್ನು ಮನೆಯವರಿಗೆಲ್ಲ ಹೇಳಿಕೊಡುವುದು ಒಳ್ಳೆಯದು.

ಮಂಡ್ಯದಿಂದ ಅಕ್ಕನ ಮಗ ಒಂದು ರಾತ್ರಿ ಫೋನ್ ಮಾಡಿದ. "ಮಾವ, ಬಾಕ್ಸ್ ಹೋಗೈತೆ. ಪಿಎಸ್4 ಆಡ್ತಾ ಕೂತಿದ್ರೆ ಅದಾಗಿ ಅದೇ ಸೆಟ್‌ಟಾಪ್ ಬಾಕ್ಸಿಗೆ ಹೊಂಟೋಯ್ತದೆ. ಹೊಸದು ತರ್ಲಾ?"

"ತಡಿ ಕಣೋ. ಸೆಟ್‌ಟಾಪ್ ಬಾಕ್ಸ್ ಪ್ಲಗ್ ಕಿತ್ತಿದ್ದೀಯಾ?"

"ಇಲ್ಲ, ರಿಮೋಟಲ್ಲಿ ಆಫ್ ಮಾಡಿವ್ನಿ. ಕೆಂಪು ಲೈಟ್ ಐತೆ."

"ಪ್ಲಗ್ ಕಿತ್ತು ಆಡು ನೋಡೋಣ."

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಫೋನ್. ಸರಿಹೋಗಿತ್ತು. ಆಟೋಮ್ಯಾಟಿಕ್ ಬಾಕ್ಸ್‌ಗೆ ಮನುಷ್ಯರ ಮನಸ್ಸು ತಿಳಿಯುವುದಿಲ್ಲ. ಎಚ್‌ಡಿಎಂಐನ 19 ಪಿನ್‌ಗಳಲ್ಲಿ 18ನೆಯದರಲ್ಲಿ 5 ವೋಲ್ಟ್ ಬಂದರೆ ಅಲ್ಲಿ ಯಾರೋ ಎದ್ದಿದ್ದಾರೆ ಅಂತ ಅದು ತಿಳಿಯುತ್ತದೆ. ಎಷ್ಟೋ ಸೆಟ್‌ಟಾಪ್ ಬಾಕ್ಸ್‌ಗಳು ನಿದ್ದೆಯಲ್ಲಿದ್ದರೂ ಆ 5 ವೋಲ್ಟ್ ಕೊಡುತ್ತಲೇ ಇರುತ್ತವೆ, ನಡುವೆ ಎದ್ದು ಅಪ್‌ಡೇಟ್ ಮಾಡಿಕೊಳ್ಳುತ್ತವೆ. ರೆಸ್ಟ್ ಮೋಡ್‌ನಲ್ಲಿರುವ ಕನ್ಸೋಲ್ ಕೂಡ ಹೀಗೆ ಮಾಡಬಹುದು. ಬಾಕ್ಸ್ ಅತ್ತ ಓಡುತ್ತದೆ. ಸೆಟ್‌ಟಾಪ್ ಬಾಕ್ಸನ್ನು ಸ್ವಿಚ್ ಬಾಕ್ಸ್‌ಗೆ ಸೇರಿಸಲೇಬೇಡಿ, ಟಿವಿಯ ಬೇರೆ ಪೋರ್ಟ್‌ಗೆ ನೇರ ಕೊಡಿ. ಸಾಧ್ಯವಿದ್ದರೆ ಆಟೋ ಆಫ್ ಮಾಡುವ ಬಟನ್ ಇರುವ ಬಾಕ್ಸನ್ನೇ ಕೊಳ್ಳಿ.

ಟಿವಿ ತಾನಾಗಿ ಆನ್ ಆಗುವುದು, ಇನ್‌ಪುಟ್ ಬದಲಾಗುವುದು ಸಿಇಸಿ ಎಂಬ ಸೌಲಭ್ಯದ ಕೆಲಸ. ಪಿಎಸ್4ನಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್ ಒಳಗೆ 'ಎನೇಬಲ್ ಎಚ್‌ಡಿಎಂಐ ಡಿವೈಸ್ ಲಿಂಕ್' ಇರುತ್ತದೆ. ನಿಂಟೆಂಡೊ ಸ್ವಿಚ್‌ನಲ್ಲಿ 'ಮ್ಯಾಚ್ ಟಿವಿ ಪವರ್ ಸ್ಟೇಟ್'. ಎರಡನ್ನೂ ಆಫ್ ಮಾಡಿ ಒಂದೆರಡು ದಿನ ನೋಡಿ.

ಚಿತ್ರದ ತುಂಬ ಬಿಳಿ ಚುಕ್ಕಿ ಮಿನುಗುತ್ತಿದ್ದರೆ, ಇಲ್ಲವೇ ಆಗಾಗ ಒಂದು ಕ್ಷಣ ಕಪ್ಪಾಗಿ ಮತ್ತೆ ಬರುತ್ತಿದ್ದರೆ, ಕನ್ಸೋಲ್ ಸೆಟ್ಟಿಂಗ್‌ನಲ್ಲಿ ಚಿತ್ರವನ್ನು 720ಪಿಗೆ ಇಳಿಸಿ. ಅದರಲ್ಲಿ ಸರಿಹೋದರೆ ದಾರಿ ಕಿರಿದಾಗಿದೆ ಅಂತ ಅರ್ಥ. ಎಚ್‌ಡಿಎಂಐ 1.4ರ ಬಾಕ್ಸ್ ಸೆಕೆಂಡಿಗೆ 10.2 ಗಿಗಾಬಿಟ್ ಸಾಗಿಸಬಲ್ಲದು, 2.0 ಆದರೆ 18, 2.1 ಆದರೆ 48. 4ಕೆ ಚಿತ್ರ ಸೆಕೆಂಡಿಗೆ 60 ಸಲ ಬರಬೇಕಾದರೆ (4ಕೆ 60) 18 ಬೇಕು. ಪಿಎಸ್5ನ 4ಕೆ 120ಕ್ಕೆ 2.1ರ ಬಾಕ್ಸೇ ಬೇಕು. ಆದರೆ ಬಾಕ್ಸ್ ಸರಿ ಇದ್ದೂ ವೈರ್ ಉದ್ದವಾದರೆ ಇದೇ ತೊಂದರೆ. ಕನ್ಸೋಲ್‌ನಿಂದ ಬಾಕ್ಸ್‌ಗೆ 3 ಮೀಟರ್, ಬಾಕ್ಸ್‌ನಿಂದ ಗೋಡೆಯ ಟಿವಿಗೆ 5 ಮೀಟರ್ ಅಂದರೆ ಅಡಾಪ್ಟರ್ ಇಲ್ಲದ ಬಾಕ್ಸ್‌ಗೆ ಅದು 8 ಮೀಟರ್ ದಾರಿ, ಜೊತೆಗೆ ಮಧ್ಯದಲ್ಲಿ ಒಂದು ಗಂಟು. ಒಂದು ಕಡೆಯಾದರೂ ಗಿಡ್ಡ ವೈರ್ ಹಾಕಿ.

ಅಡಾಪ್ಟರ್ ಇಲ್ಲದ ಬಾಕ್ಸ್‌ಗಳು ಕನ್ಸೋಲ್‌ನ ಎಚ್‌ಡಿಎಂಐನಿಂದಲೇ ಕರೆಂಟ್ ಕದಿಯುತ್ತವೆ. ನಿಯಮದ ಪ್ರಕಾರ ಕನ್ಸೋಲ್ ಕೊಡಲೇಬೇಕಾದದ್ದು ಬರೀ 55 ಮಿಲಿ ಆಂಪಿಯರ್. ಅದು ಕೆಲವು ಬಾಕ್ಸ್‌ಗಳಿಗೆ ಸಾಲುವುದಿಲ್ಲ. ಬಾಕ್ಸ್‌ನಲ್ಲಿ ಕರೆಂಟಿಗೆ ಯುಎಸ್‌ಬಿ ತೂತಿದ್ದರೆ 5 ವೋಲ್ಟ್‌ನ ಸಾದಾ ಮೊಬೈಲ್ ಚಾರ್ಜರ್ ಹಾಕಿ. ಟಿವಿಯ ಯುಎಸ್‌ಬಿಯಿಂದ ಕೊಟ್ಟರೆ ಟಿವಿ ಆಫ್ ಆದಾಗ ಬಾಕ್ಸೂ ಆಫ್ ಆಗಿ, ಮಾತುಕತೆ ಮತ್ತೆ ಮೊದಲಿನಿಂದ ನಡೆಯಬೇಕು. ನಿಂಟೆಂಡೊ ಸ್ವಿಚ್ ಕೂರಿಸಿ ಟಿವಿಗೆ ಸೇರಿಸುವ ಡಾಕ್‌ಗೆ ಮಾತ್ರ ಸಾದಾ ಮೊಬೈಲ್ ಚಾರ್ಜರ್ ನಡೆಯುವುದಿಲ್ಲ. ಅದರದೇ ಅಡಾಪ್ಟರ್ 15 ವೋಲ್ಟ್ ಕೊಡುತ್ತದೆ. ಅಷ್ಟು ಕೊಡದ ಬೇರೆಯದು ಹಾಕಿದರೆ ಬ್ಯಾಟರಿ ಚಾರ್ಜ್ ಆಗಬಹುದು, ಟಿವಿಯಲ್ಲಿ ಚಿತ್ರ ಬರುವುದಿಲ್ಲ.

ಒಂದು ಟಿವಿಯ ಅಳತೆಗೆ ಹೊಂದಿಸಿದ ಕನ್ಸೋಲನ್ನು ಇನ್ನೊಂದು ಮನೆಗೆ ಒಯ್ದಾಗ ಪರದೆ ಕಪ್ಪಾದರೆ ಗಾಬರಿ ಬೇಡ. ಪಿಎಸ್3, ಪಿಎಸ್4, ಪಿಎಸ್5 ಆಫ್ ಇರುವಾಗ ಪವರ್ ಬಟನ್ ಒತ್ತಿ ಹಿಡಿಯಿರಿ. ಎರಡನೇ ಬೀಪ್ ಕೇಳಿದ ಮೇಲೆ ಬಿಡಿ. ಪಿಎಸ್3 ಚಿತ್ರದ ಸೆಟ್ಟಿಂಗನ್ನು ಹೊಸದಾಗಿ ಕೇಳುತ್ತದೆ. ಪಿಎಸ್4, ಪಿಎಸ್5 ಸೇಫ್ ಮೋಡ್ ತೆರೆಯುತ್ತವೆ, ಅಲ್ಲಿ ಚಿತ್ರದ ಅಳತೆ ಬದಲಿಸಬಹುದು. ಕಂಟ್ರೋಲರನ್ನು ಯುಎಸ್‌ಬಿ ವೈರ್‌ನಲ್ಲಿ ಸೇರಿಸಿರಬೇಕು. ಕೆಳಗಿರುವ 'ಇನಿಷಿಯಲೈಸ್', 'ರೀಸೆಟ್' ಆಯ್ಕೆಗಳ ಹತ್ತಿರ ಹೋಗಬೇಡಿ, ಅವುಗಳಲ್ಲಿ ಕೆಲವು ಸೇವ್ ಮಾಡಿದ ಆಟವನ್ನೆಲ್ಲ ಅಳಿಸುತ್ತವೆ.

ಗುಂಯ್ ಶಬ್ದ, ಕೈಗೆ ಜುಮ್ಮೆನ್ನುವುದು

ಬಾಕ್ಸ್ ಸೇರಿಸಿದ ಮೇಲೆ ಸ್ಪೀಕರ್‌ನಲ್ಲಿ ಒಂದೇ ಸಮ ಗುಂಯ್ ಅನ್ನುತ್ತಿದ್ದರೆ ಮೊದಲು ಕೇಬಲ್ ಟಿವಿಯ ದಪ್ಪ ವೈರನ್ನು ಸೆಟ್‌ಟಾಪ್ ಬಾಕ್ಸ್‌ನಿಂದ ಬಿಚ್ಚಿ. ಶಬ್ದ ನಿಂತರೆ ಕಾರಣ ಸಿಕ್ಕಿತು. ಆ ವೈರ್ ಬೀದಿಯಿಂದ ತನ್ನದೇ ಅರ್ಥ್ ಹೊತ್ತು ಬರುತ್ತದೆ, ಮನೆಯ ಅರ್ಥ್ ಬೇರೆ, ಎರಡರ ನಡುವೆ 50 ಹರ್ಟ್ಸ್ ಕರೆಂಟ್ ಸುತ್ತುತ್ತದೆ. ಎಲ್ಲ ಸಾಮಾನನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಹಾಕಿ. ಹೋಗದಿದ್ದರೆ ಶಬ್ದದ ವೈರ್‌ಗೆ ಗ್ರೌಂಡ್ ಲೂಪ್ ಐಸೊಲೇಟರ್ ಸಿಗುತ್ತದೆ. ಯುಪಿಎಸ್‌ನಲ್ಲಿ ನಡೆಯುವಾಗ ಮಾತ್ರ ಶಬ್ದ ಬಂದರೆ ಅದು ಹಳೆಯ ಸ್ಕ್ವೇರ್ ವೇವ್ ಯುಪಿಎಸ್ ಇರಬಹುದು. ಬಾಕ್ಸ್‌ಗೂ ಅದಕ್ಕೂ ಸಂಬಂಧವಿಲ್ಲ.

ಪಿನ್ ಮುಟ್ಟಿದಾಗ ಬೆರಳಿಗೆ ಸಣ್ಣಗೆ ಜುಮ್ಮೆಂದರೆ, ಟೆಸ್ಟರ್ ಇಟ್ಟಾಗ ಮಂಕಾಗಿ ಉರಿದರೆ, ಅದು ಎರಡು ಪಿನ್ ಅಡಾಪ್ಟರ್‌ನ ಒಳಗಿನ ಸಣ್ಣ ಕೆಪಾಸಿಟರ್‌ನಿಂದ ಸೋರುವ ಕರೆಂಟ್ ಇರಬಹುದು. ಟೆಸ್ಟರ್ ಜೋರಾಗಿ ಉರಿದರೆ, ಕೈ ಹಿಂದೆ ಎಳೆದುಕೊಳ್ಳುವಷ್ಟು ಹೊಡೆದರೆ ಆಟ ಅಲ್ಲಿಗೇ ನಿಲ್ಲಿಸಿ. ಮೇನ್ ಆಫ್ ಮಾಡಿ ಎಲೆಕ್ಟ್ರಿಷಿಯನ್‌ನನ್ನು ಕರೆಸಿ, ಬೋರ್ಡ್‌ಗೆ ಅರ್ಥಿಂಗ್ ಬಂದಿದೆಯಾ ನೋಡಿಸಿ. ಮಕ್ಕಳು ಬರಿಗಾಲಲ್ಲಿ ಮೊಸಾಯಿಕ್ ನೆಲದ ಮೇಲೆ ಕೂತು ಆಡುವ ಮನೆಯಲ್ಲಿ ಇದನ್ನು ಮುಂದೂಡುವ ಹಾಗಿಲ್ಲ.

ದಸರಾ ಹೊತ್ತಿನ ತೊಂದರೆ

ಮೈಸೂರಿನಲ್ಲಿ ಬಾಕ್ಸ್ ಕೆಟ್ಟಿದೆ ಅನ್ನುವ ಫೋನ್‌ಗಳು ನನಗೆ ಜಾಸ್ತಿ ಬರುವುದು ನವರಾತ್ರಿಯಲ್ಲಿ. ಗೊಂಬೆ ಕೂರಿಸಲು ಹಾಲ್‌ನ ಟಿವಿ ಸ್ಟ್ಯಾಂಡ್ ಸರಿಸುತ್ತಾರೆ. ಗೊಂಬೆಗಳ ಸೀರಿಯಲ್ ಸೆಟ್ ಲೈಟಿಗೆ ಪ್ಲಗ್ ಬೇಕಲ್ಲ, ಬಾಕ್ಸ್‌ನ ಅಡಾಪ್ಟರ್ ತೆಗೆದು ಅಲ್ಲಿ ಹಾಕುತ್ತಾರೆ. ಸ್ವಿಚ್ ಬಾಕ್ಸ್ ಹಗುರ, ಎಚ್‌ಡಿಎಂಐ ವೈರ್ ಭಾರ. ಸ್ಟ್ಯಾಂಡ್ ಎಳೆದಾಗ ಬಾಕ್ಸ್ ಹಿಂದಕ್ಕೆ ಜಾರಿ ವೈರಿನಲ್ಲಿ ನೇತಾಡುತ್ತದೆ, ಪಿನ್ ಒಂದು ಮಿಲಿಮೀಟರ್ ಹೊರಗೆ ಬಂದಿರುತ್ತದೆ. ಕಣ್ಣಿಗೆ ಕೂತಂತೆಯೇ ಕಾಣುತ್ತದೆ. ಪ್ರತಿ ಪಿನ್ನನ್ನೂ ಬೆರಳಲ್ಲಿ ಒತ್ತಿ ನೋಡಿ. ಸರಿಸುವ ಮುಂಚೆ ಮೊಬೈಲ್‌ನಲ್ಲಿ ಹಿಂಬದಿಯ ಫೋಟೋ ತೆಗೆದಿಡಿ, ಬಾಕ್ಸನ್ನು ಡಬಲ್ ಸೈಡ್ ಟೇಪ್ ಹಾಕಿ ಸ್ಟ್ಯಾಂಡ್‌ಗೆ ಅಂಟಿಸಿ. ಪ್ರತಿ ವೈರಿನ ಎರಡೂ ತುದಿಗೆ ಕನ್ಸೋಲ್ ಹೆಸರು ಬರೆದ ಚೀಟಿ ಕಟ್ಟಿ.

ಇಷ್ಟೆಲ್ಲ ನೋಡಿದ ಮೇಲೂ ತೊಂದರೆ ಬಾಕ್ಸ್‌ನ ಒಂದೇ ನಂಬರಿನಲ್ಲಿ ಉಳಿದರೆ, ಬೇರೆ ಅಡಾಪ್ಟರ್‌ನಲ್ಲೂ ಹಾಗೇ ಇದ್ದರೆ, ಬಾಕ್ಸ್ ಬದಲಿಸಿ. ಹೊಸದು ತರುವಾಗ ನಿಮ್ಮ ಹತ್ತಿರ ಇರುವುದಕ್ಕಿಂತ ಒಂದು ಇನ್‌ಪುಟ್ ಜಾಸ್ತಿ ಇರುವುದನ್ನು, ಪ್ರತ್ಯೇಕ ಕರೆಂಟ್ ತೂತು ಮತ್ತು ಕೈಯಲ್ಲಿ ಒತ್ತುವ ಬಟನ್ ಇರುವುದನ್ನು ಕೇಳಿ. ಹಳೆಯ ಮತ್ತು ಹೊಸ ಕನ್ಸೋಲ್ ಎರಡೂ ಇದ್ದರೆ ಎರಡು ಬಾಕ್ಸ್ ಇಟ್ಟುಕೊಳ್ಳಿ. ಎವಿಯನ್ನು ಎಚ್‌ಡಿಎಂಐಗೆ ಬದಲಿಸುವ ಅಗ್ಗದ ಪೆಟ್ಟಿಗೆ ಹಾಕಿ ಎಲ್ಲವನ್ನೂ ಒಂದೇ ಬಾಕ್ಸ್‌ಗೆ ತುರುಕಿದರೆ ಪಿಎಸ್2 ಚಿತ್ರ ಕದಡುತ್ತದೆ, ಬಟನ್ ಒತ್ತಿದ್ದಕ್ಕೂ ಪರದೆಯಲ್ಲಿ ಆಟಗಾರ ಜಿಗಿಯುವುದಕ್ಕೂ ನಡುವೆ ತಡವಾಗಬಹುದು. ಅದನ್ನು ಸರಿಮಾಡಲು ಯಾವ ಸ್ವಿಚ್ ಬಾಕ್ಸ್‌ನಿಂದಲೂ ಆಗುವುದಿಲ್ಲ.